ಮನೆ ರಿಪೇರಿ: ನಾವೇ ಕೈ ಹಾಕೋಣವೇ, ಯಾರನ್ನಾದರೂ ಕರೆಯೋಣವೇ?

ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾದರೆ ಮನೆಯಲ್ಲಿ ಚರ್ಚೆಯೂ ಶುರು. ಪರಿಚಯದ ಪ್ಲಂಬರ್ ‘ನಾಳೆ ಬೆಳಿಗ್ಗೆ ಬರ್ತೀನಿ ಸಾರ್’ ಅನ್ನುತ್ತಾರೆ, ಆ ನಾಳೆ ವಾರದವರೆಗೆ ಎಳೆಯುತ್ತದೆ. ಆ್ಯಪ್‌ನಲ್ಲಿ ಬುಕ್ ಮಾಡಬಹುದು, ಆದರೆ ಒಂದು ವಾಷರ್ ಬದಲಿಸಲು ಇನ್ನೂರು ಮುನ್ನೂರು ರೂಪಾಯಿ ಕೊಡಲು ಮನಸ್ಸು ಬರುವುದಿಲ್ಲ. ವಿಡಿಯೊ ನೋಡಿದರೆ ಎಲ್ಲವೂ ಸುಲಭ ಅನ್ನಿಸುತ್ತದೆ, ಸ್ಪ್ಯಾನರ್ ಕೈಗೆ ಬಂದಾಗ ಧೈರ್ಯ ಸಾಲುವುದಿಲ್ಲ. ಹೊಸದಾಗಿ ಮನೆ ಮಾಡಿದ ಗೆಳೆಯರು, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು, ಬಾಡಿಗೆ ಮನೆಯಲ್ಲಿರುವವರು, ಎಲ್ಲರೂ ಈ ಗೊಂದಲದಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದ್ದೇನೆ. ಹಾಗಾಗಿ ನಮ್ಮೆದುರು ಇರುವ ನಾಲ್ಕು ದಾರಿಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ: ನಾವೇ ಮಾಡುವುದು, ಪರಿಚಯದ ಕೆಲಸದವರನ್ನು ಕರೆಯುವುದು, ಆ್ಯಪ್ ಮೂಲಕ ಕರೆಸುವುದು, ಕಂಪನಿಯ ಸರ್ವೀಸ್ ಸೆಂಟರಿಗೆ ಹೇಳುವುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಈಗ ಹೊರಗಿನವರಿಗೆ ಕೊಡುತ್ತಿರುವ ಸಣ್ಣ ಕೆಲಸಗಳಲ್ಲಿ ಬಹಳಷ್ಟನ್ನು ನಾವೇ ಮಾಡಬಹುದು, ಮಾಡಬೇಕು. ಹಾಗೆಯೇ ಎಷ್ಟೇ ಧೈರ್ಯವಿದ್ದರೂ ಮುಟ್ಟಬಾರದ ಕೆಲಸಗಳೂ ಇವೆ. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಲು ಬಂದರೆ ಆಯ್ಕೆ ಅಷ್ಟು ಕಷ್ಟವಲ್ಲ.

ಅಳೆಯುವುದು ಯಾವುದರಿಂದ?

ಮೊದಲನೆಯ ಅಳತೆಗೋಲು, ತಪ್ಪಾದರೆ ಏನಾಗುತ್ತದೆ ಎಂಬುದು. ನಲ್ಲಿಯ ವಾಷರ್ ತಪ್ಪಾಗಿ ಕೂತರೆ ಇನ್ನೊಂದಿಷ್ಟು ನೀರು ಸೋರುತ್ತದೆ, ಅಷ್ಟೆ. ಗೀಸರ್‌ನ ವೈರ್ ತಪ್ಪಾಗಿ ಕೂತರೆ ಸ್ನಾನಕ್ಕೆ ಹೋದವರ ಜೀವಕ್ಕೇ ಕುತ್ತು. ‘ನನ್ನಿಂದ ಆಗುತ್ತದೆಯೇ’ ಅನ್ನುವುದಕ್ಕಿಂತ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಇದರಲ್ಲಿ ಫೇಲಾದ ಕೆಲಸಕ್ಕೆ ಉಳಿದ ಅಳತೆಗೋಲುಗಳನ್ನು ಹಚ್ಚುವ ಅಗತ್ಯವೇ ಇಲ್ಲ.

ಎರಡನೆಯದು, ಈ ಕೆಲಸ ಮತ್ತೆ ಬರುತ್ತದೆಯೇ. ಬೋರ್‌ವೆಲ್ ನೀರಿನ ಮನೆಯಲ್ಲಿ ನಲ್ಲಿ, ಶವರ್ ಉಪ್ಪುಗಟ್ಟುವುದು ನಿಲ್ಲುವುದಿಲ್ಲ. ಪದೇಪದೇ ಬರುವ ಕೆಲಸವನ್ನು ಒಮ್ಮೆ ಕಲಿತರೆ ಮನೆ ಇರುವವರೆಗೂ ಲಾಭ. ಜೀವಮಾನದಲ್ಲಿ ಒಮ್ಮೆ ಬರುವ ಕೆಲಸಕ್ಕೆ ಹತ್ಯಾರು ಕೊಂಡು ಕಲಿಯಲು ಕೂರುವುದು ದುಬಾರಿ.

ಆಮೇಲೆ ಉಳಿದವು: ಎಷ್ಟು ತುರ್ತು, ವಾರಂಟಿ ಇದೆಯೇ, ಕೈಯಲ್ಲಿ ಸಮಯ ಎಷ್ಟಿದೆ, ಖರ್ಚು ಎಷ್ಟು. ಖರ್ಚನ್ನು ಬೇಕೆಂದೇ ಕೊನೆಯಲ್ಲಿಟ್ಟಿದ್ದೇನೆ. ಸ್ವಂತ ರಿಪೇರಿ ಅಂದರೆ ದುಡ್ಡು ಉಳಿಸುವುದು ಎಂದೇ ಹೆಚ್ಚಿನವರ ಲೆಕ್ಕ. ದುಡ್ಡು ಉಳಿಯುವುದು ನಿಜ, ಆದರೆ ನಿಜವಾದ ಗಳಿಕೆ ಬೇರೆ ಇದೆ.

ನಾವೇ ಮಾಡುವುದು

ನಲ್ಲಿಯಿಂದಲೇ ಶುರು ಮಾಡೋಣ. ಸೋರುವ ನಲ್ಲಿಯ ಕೆಳಗೆ ಒಂದು ಗಂಟೆ ಚೊಂಬು ಇಟ್ಟು ನೋಡಿ. ಒಂದು ಲೀಟರ್ ತುಂಬಿದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್ ಹರಿದು ಹೋಯಿತು ಎಂದರ್ಥ. ಟ್ಯಾಂಕರ್ ನೀರು ತರಿಸುವ ಬಡಾವಣೆಗಳಲ್ಲಿ ಇದು ಸಣ್ಣ ಮೊತ್ತವಲ್ಲ.

ಹಳೆಯ, ಹಲವು ಸುತ್ತು ತಿರುಗಿಸುವ ನಲ್ಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಯಾದರೆ ಒಳಗೆ ಸೆರಾಮಿಕ್ ಬಿಲ್ಲೆಗಳಿರುವ ಸ್ಪಿಂಡಲ್ ಇರುತ್ತದೆ, ಅದನ್ನು ಇಡಿಯಾಗಿ ಬದಲಿಸಬೇಕು. ಆಂಗಲ್ ಕಾಕ್ (ಬೇಸಿನ್ನಿನ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್) ಅಥವಾ ತಾರಸಿಯ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಿ. ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿ, ಇಲ್ಲವಾದರೆ ಸಣ್ಣ ಸ್ಕ್ರೂ ಒಳಗೆ ಬಿದ್ದು ಇನ್ನೊಂದು ಕೆಲಸ ಹುಟ್ಟುತ್ತದೆ. ಬಿಚ್ಚಿದ ಸ್ಪಿಂಡಲನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ. ಹಲ್ಲುಗಳ ಲೆಕ್ಕ, ಉದ್ದ ಒಂದೊಂದು ಕಂಪನಿಯದು ಒಂದೊಂದು ಥರ, ಬಾಯಿಮಾತಿನಲ್ಲಿ ಹೇಳಿ ತಂದದ್ದು ಕೂರುವುದು ಅಪರೂಪ. ನಲ್ಲಿಯನ್ನೇ ಬದಲಿಸುವುದಾದರೆ ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪನ್ನು ಮರೆ (ನಲ್ಲಿಯ ಬುಡದಲ್ಲಿರುವ ಸ್ಕ್ರೂವಿನಂಥ ಸುತ್ತುಗೆರೆ) ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಮರೆಯ ತುದಿ ನಿಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳು ಓಡುವ ದಿಕ್ಕು ಅದು. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಟೇಪ್ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಮರೆಯನ್ನು ಬಲ ಹಾಕಿ ಬಿಗಿಯಬೇಡಿ, ಸೀಳುತ್ತದೆ.

ಇದೇ ನಲ್ಲಿಯ ಕೆಲಸ ಒಂದು ಕಡೆ ಮಾತ್ರ ಕೈಮೀರುತ್ತದೆ. ಮೂವತ್ತು ನಲವತ್ತು ವರ್ಷದ ಹಳೆಯ ಮನೆ, ಗೋಡೆಯೊಳಗೆ ತುಕ್ಕು ಹಿಡಿದ ಕಬ್ಬಿಣದ ಪೈಪ್. ನಲ್ಲಿ ತಿರುಗಿಸಿದಾಗ ಗೋಡೆಯೊಳಗಿನ ತುಂಡೇ ಮುರಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಅಂಥ ಮನೆಯಲ್ಲಿ ಸ್ಪಿಂಡಲ್ ಬದಲಿಸಿ, ಆದರೆ ನಲ್ಲಿಯನ್ನು ಬುಡದಿಂದ ಬಿಚ್ಚುವ ಕೆಲಸವನ್ನು ಪ್ಲಂಬರಿಗೇ ಬಿಡಿ.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುವುದನ್ನು ಕಂಡುಹಿಡಿಯುವುದಂತೂ ಇನ್ನೂ ಸುಲಭ. ಟ್ಯಾಂಕಿನ ನೀರಿಗೆ ಅಡುಗೆಯ ಬಣ್ಣ ಸ್ವಲ್ಪ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ. ಹೊರಗಿರುವ ಟ್ಯಾಂಕಾದರೆ ನೀವೇ ಬದಲಿಸಿ, ಗೋಡೆಯೊಳಗೆ ಹುದುಗಿಸಿದ್ದಾದರೆ ಕಂಪನಿಯವರನ್ನೇ ಕರೆಯಿರಿ.

ಮಳೆಗಾಲದಲ್ಲಿ ಹಿಗ್ಗಿ ಬಿಗಿಯಾಗುವ ಬಾಗಿಲು, ಸಡಿಲವಾದ ಚಿಲಕ, ಕಿರ್ ಅನ್ನುವ ಕೀಲು, ಕುಕ್ಕರಿನ ಗ್ಯಾಸ್ಕೆಟ್, ಮಿಕ್ಸಿ ಜಾರಿನ ರಬ್ಬರ್, ಸೊಳ್ಳೆಪರದೆಯ ಜಾಲರಿ, ಇವೆಲ್ಲ ಮನೆಯವರೇ ಮಾಡಬೇಕಾದ ಕೆಲಸಗಳು. ಬಾಗಿಲಿನ ಬಗ್ಗೆ ಒಂದು ಮಾತು: ಜುಲೈನಲ್ಲಿ ಬಿಗಿಯಾಯಿತೆಂದು ಅವಸರಪಟ್ಟು ಹೆಚ್ಚು ಉಜ್ಜಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮೊದಲು ಕೀಲಿನ ಸ್ಕ್ರೂ ಬಿಗಿ ಮಾಡಿ ನೋಡಿ. ಎಷ್ಟೋ ಬಾಗಿಲುಗಳು ಅಷ್ಟಕ್ಕೇ ಸರಿಹೋಗುತ್ತವೆ.

ಫ್ಯಾನ್ ಗಡಿಯಲ್ಲಿರುವ ಕೆಲಸ. ಫ್ಯಾನ್ ನಿಧಾನವಾಗಿದ್ದರೆ, ಅಥವಾ ಗುಂಯ್ ಅನ್ನುತ್ತ ನಿಂತಲ್ಲೇ ನಿಂತಿದ್ದರೆ, ಹೆಚ್ಚಾಗಿ ತಪ್ಪು ಕೆಪಾಸಿಟರಿನದು. ನಮ್ಮ ಬಹುಪಾಲು ಹಳೆಯ ಸೀಲಿಂಗ್ ಫ್ಯಾನುಗಳಲ್ಲಿರುವುದು 2.5 ಎಂಎಫ್‌ಡಿ (ಮೈಕ್ರೊಫ್ಯಾರಡ್) ಅಳತೆಯದು, ಬೆಲೆ ಸಾಮಾನ್ಯವಾಗಿ ನೂರು ರೂಪಾಯಿಯ ಒಳಗೆ. ಹಳೆಯದರ ಮೇಲೆ ಬರೆದಿರುವ ಅಳತೆಯದೇ ತನ್ನಿ. ಕರೆಂಟ್ ತೆಗೆದು ಕೈಯಿಂದ ತಿರುಗಿಸಿದಾಗ ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ, ಅದು ವೈಂಡಿಂಗ್ ಅಂಗಡಿಯ ಕೆಲಸ. ಕರೆಂಟ್ ಉಳಿಸುವ ಹೊಸ ಬಿಎಲ್‌ಡಿಸಿ ಫ್ಯಾನಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ಅದನ್ನು ಬಿಚ್ಚದೆ ಕಂಪನಿಗೆ ಹೇಳಿ.

ಕೆಪಾಸಿಟರ್ ಬದಲಿಸುವ ಮುನ್ನ ಮೂರು ವಿಷಯ ತಿಳಿದಿರಲೇಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್ ತಪ್ಪಾಗಿರುವ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲನ್ನು ಕಡಿದು ಕರೆಂಟ್ ಬರುವ ಫೇಸನ್ನು ಹಾಗೇ ಬಿಟ್ಟಿರುತ್ತದೆ, ಆದ್ದರಿಂದ ಮೇನ್ ಬೋರ್ಡಿನಲ್ಲಿ ಆ ಲೈನಿಗಿರುವ ಎಂಸಿಬಿ ಸ್ವಿಚ್ಚನ್ನೇ ಇಳಿಸಬೇಕು. ಎರಡನೆಯದು ಇನ್ನೂ ಮುಖ್ಯ: ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಆಫ್ ಮಾಡಿದರೂ ಫ್ಯಾನ್, ಲೈಟಿನ ಲೈನುಗಳಲ್ಲಿ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಯುಪಿಎಸ್ ಅನ್ನೂ ಆಫ್ ಮಾಡಿ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಒಂದು ಸಾಕೆಟ್‌ನಲ್ಲಿ ಚುಚ್ಚಿ, ಅದು ಉರಿಯುತ್ತದೆಂದು ನೋಡಿ, ಬಳಿಕ ಫ್ಯಾನಿನ ವೈರಿಗೆ ಹಿಡಿಯಿರಿ. ಮೂರನೆಯದು, ಕರೆಂಟ್ ಹೋದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು, ಅದರ ವೈರ್ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗಟ್ಟಿಯಾದ ಏಣಿ, ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದೇನು? ನಿಮ್ಮ ಮನೆಯ ವಾಲ್ವ್ ಎಲ್ಲಿದೆ, ಯಾವ ಎಂಸಿಬಿ ಯಾವ ಕೋಣೆಯದು, ಪೈಪ್ ಯಾವ ಗೋಡೆಯಲ್ಲಿ ಇಳಿಯುತ್ತದೆ ಎಂಬುದು ನಿಮಗೆ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಪೈಪ್ ಒಡೆದರೆ ಗೊತ್ತಿರುವವರು ಅರ್ಧ ನಿಮಿಷದಲ್ಲಿ ನೀರು ನಿಲ್ಲಿಸುತ್ತಾರೆ. ಗೊತ್ತಿಲ್ಲದವರ ಮನೆಯಲ್ಲಿ ಹಾಸಿಗೆವರೆಗೆ ನೀರು ಬಂದಿರುತ್ತದೆ. ಇನ್ನು ತೃಪ್ತಿ. ನಲ್ಲಿ ನಿಂತು, ಬಚ್ಚಲಲ್ಲಿ ತೊಟ್ಟಿಕ್ಕುವ ಸದ್ದು ಇಲ್ಲದಾದಾಗ ಮನಸ್ಸಿಗೆ ಆಗುವ ಹಿಗ್ಗು ಸಂಬಳದಿಂದ ಬರುವಂಥದ್ದಲ್ಲ. ದಿನವಿಡೀ ಪರದೆಯ ಮುಂದೆ ಕೂತು, ಕೆಲಸ ಮುಗಿಯಿತೋ ಇಲ್ಲವೋ ತಿಳಿಯದೆ ಏಳುವ ನಮ್ಮಂಥವರಿಗೆ ‘ಇದು ಮುಗಿಯಿತು’ ಎಂದು ಕೈಯಿಂದ ಮುಟ್ಟಿ ನೋಡಬಲ್ಲ ಕೆಲಸ ತೀರಾ ಬೇಕಾಗಿದೆ ಎಂದು ನಾನು ನಂಬುತ್ತೇನೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಶನ್, ಡ್ಯಾನ್ ಏರಿಯೆಲಿ ಎಂಬ ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತ್ತು: ತಾವೇ ಜೋಡಿಸಿದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ. ಆದರೆ ಜೋಡಿಸುವ ಕೆಲಸ ಅರ್ಧಕ್ಕೇ ನಿಂತಾಗ ಆ ಹೆಚ್ಚಿನ ಬೆಲೆ ಉಳಿಯಲಿಲ್ಲ. ಅದಕ್ಕೇ ಹೊಸಬರು ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಕೆಲಸವನ್ನಷ್ಟೇ ಆರಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಬಿಚ್ಚಿಟ್ಟ ಬಾಗಿಲು ಮನೆಯವರ ನೆಮ್ಮದಿ ಕೆಡಿಸುತ್ತದೆ.

ಪರಿಚಯದ ಕೆಲಸದವರು

ಒಳ್ಳೆಯ ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಮೇಸ್ತ್ರಿ ಸಿಕ್ಕಿದ್ದರೆ ಅವರು ಊರಿನ ಡಾಕ್ಟರಿದ್ದಂತೆ. ನಿಮ್ಮ ಮನೆಯ ಪೈಪ್ ಎಲ್ಲಿ ತಿರುವು ತೆಗೆದುಕೊಂಡಿದೆ ಎಂದು ಅವರಿಗೆ ನೆನಪಿರುತ್ತದೆ, ಹಿಂದೆ ಎಲ್ಲಿ ತೇಪೆ ಹಾಕಿದ್ದು ಎಂದೂ ಗೊತ್ತಿರುತ್ತದೆ. ಈ ನೆನಪು ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ. ತಾರಸಿ ಸೋರುವುದು, ಗೋಡೆಯೊಳಗಿನ ತೇವ, ಹಳೆಯ ಪೈಪ್ ಬದಲಿಸುವುದು, ಹೊಸ ಪಾಯಿಂಟ್ ಎಳೆಯುವುದು ಇವಕ್ಕೆಲ್ಲ ನಾನು ಕಣ್ಣುಮುಚ್ಚಿ ಇವರನ್ನೇ ಆರಿಸುತ್ತೇನೆ. ವಿಶೇಷವಾಗಿ ತೇವದ ಗೋಡೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಉಬ್ಬಿ ಉದುರುತ್ತದೆ. ಮೂಲ ಹುಡುಕಲು ಅನುಭವದ ಕಣ್ಣು ಬೇಕು.

ತೊಂದರೆ ಸಮಯದ್ದು. ಒಳ್ಳೆಯವರ ಕೈತುಂಬ ಕೆಲಸ ಇರುತ್ತದೆ, ನಿಮ್ಮ ಸಣ್ಣ ಕೆಲಸಕ್ಕೆ ಸರದಿ ತಡವಾಗಿ ಬರುತ್ತದೆ. ಬಿಲ್, ಗ್ಯಾರಂಟಿ ಬಾಯಿಮಾತಿನವು. ಅದಕ್ಕೆ ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ, ಸಾಮಾನನ್ನು ಸಾಧ್ಯವಾದರೆ ನೀವೇ ಹೋಗಿ ತನ್ನಿ, ಬಿಚ್ಚಿದ ಹಳೆಯ ಬಿಡಿಭಾಗವನ್ನು ಕೇಳಿ ಇಟ್ಟುಕೊಳ್ಳಿ. ಸಣ್ಣಪುಟ್ಟ ಕೆಲಸಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಒಂದೇ ದಿನ ಕರೆದರೆ ಅವರಿಗೂ ಬಂದಿದ್ದಕ್ಕೆ ಗಿಟ್ಟುತ್ತದೆ, ನಿಮಗೂ ಅಗ್ಗ. ಕೆಲಸ ಮುಗಿದ ಕೂಡಲೇ ಪೂರ್ತಿ ದುಡ್ಡು ಕೊಡಿ. ನಾಳೆ ತುರ್ತಿಗೆ ಫೋನ್ ಎತ್ತುವುದು ಅಂಥ ಮನೆಯದ್ದೇ.

ನಾನು ಎಲ್ಲರಿಗೂ ಒತ್ತಿ ಹೇಳುವ ದಾರಿ ಒಂದಿದೆ, ಅದು ಸ್ವಂತ ಕೆಲಸಕ್ಕೂ ಇದಕ್ಕೂ ನಡುವಿನದು. ಕೆಲಸದವರು ಬಂದಾಗ ಬಾಗಿಲು ತೋರಿಸಿ ಒಳಗೆ ಹೋಗಬೇಡಿ. ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಿರಿ, ಸ್ಪ್ಯಾನರ್ ಎತ್ತಿ ಕೊಡಿ, ‘ಇದು ಯಾಕಣ್ಣ ಹೀಗೆ?’ ಎಂದು ಕೇಳಿ. ತಮ್ಮ ಕೆಲಸದ ಬಗ್ಗೆ ಯಾರಾದರೂ ಮನಸ್ಸಿಟ್ಟು ಕೇಳಿದರೆ ಬಹಳಷ್ಟು ಮಂದಿ ಖುಷಿಯಿಂದ ಹೇಳಿಕೊಡುತ್ತಾರೆ. ಮುಂದಿನ ಸಲ ಅದೇ ಕೆಲಸ ನಿಮ್ಮ ಕೈಗೆ ಬಂದಿರುತ್ತದೆ. ವಿಡಿಯೊದಲ್ಲಿ ಕಾಣುವುದು ಬೇರೆಯವರ ಮನೆಯ ನಲ್ಲಿ, ಇಲ್ಲಿ ಕಾಣುವುದು ನಿಮ್ಮದೇ.

ಆ್ಯಪ್ ಮೂಲಕ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಇದು ಸಮಯವಿಲ್ಲದವರ ದಾರಿ. ಹೇಳಿದ ಹೊತ್ತಿಗೆ ಬರುವ ಸಾಧ್ಯತೆ ಹೆಚ್ಚು, ದರ ಮೊದಲೇ ಕಾಣುತ್ತದೆ, ಬಿಲ್ ಸಿಗುತ್ತದೆ, ಸಾಮಾನ್ಯವಾಗಿ ಕೆಲವು ದಿನಗಳ ಗ್ಯಾರಂಟಿಯೂ ಇರುತ್ತದೆ. ಊರಿಗೆ ಹೊಸಬರಾಗಿ ಯಾರೂ ಪರಿಚಯವಿಲ್ಲದಿದ್ದಾಗ ಇದು ದೊಡ್ಡ ಅನುಕೂಲ. ಆದರೆ ಪ್ರತಿಸಲ ಬರುವವರು ಬೇರೆ, ನಿಮ್ಮ ಮನೆಯ ಚರಿತ್ರೆ ಅವರಿಗೆ ಗೊತ್ತಿರುವುದಿಲ್ಲ. ಕೊಟ್ಟ ಸಮಯದೊಳಗೆ ಮುಗಿಸಿ ಮುಂದಿನ ಮನೆಗೆ ಓಡಬೇಕಾದವರು ರಿಪೇರಿಗಿಂತ ಹೊಸದು ಹಾಕುವುದನ್ನೇ ಸೂಚಿಸುವುದು ಸಹಜ. ‘ಪೂರ್ತಿ ಸೆಟ್ ಬದಲಿಸಬೇಕು’ ಎಂದರೆ, ಯಾವ ಭಾಗ ಹೋಗಿದೆ ತೋರಿಸಿ ಎಂದು ಕೇಳಿ. ಇಲ್ಲಿಯೂ, ನಲ್ಲಿ ಒಮ್ಮೆ ಬಿಚ್ಚಿ ನೋಡಿದವರಿಗೆ ಆ ಉತ್ತರ ಸರಿಯೋ ಅಲ್ಲವೋ ತಿಳಿಯುತ್ತದೆ. ತಾಲೂಕು ಊರುಗಳಲ್ಲಿ, ಹಳ್ಳಿಗಳಲ್ಲಿ ಈ ಆಯ್ಕೆ ಹೆಚ್ಚಾಗಿ ಇಲ್ಲವೇ ಇಲ್ಲ.

ಕಂಪನಿಯ ಸರ್ವೀಸ್

ಫ್ರಿಜ್, ವಾಷಿಂಗ್ ಮಷೀನ್, ಗೀಸರ್, ನೀರು ಶುದ್ಧಿ ಮಾಡುವ ಯಂತ್ರ ವಾರಂಟಿಯೊಳಗಿದ್ದರೆ ಬೇರೆ ಯೋಚನೆ ಬೇಡ, ಕಂಪನಿಗೇ ಹೇಳಿ. ಬೇರೆಯವರು ಬಿಚ್ಚಿದರೆ ವಾರಂಟಿ ತಪ್ಪಬಹುದು. ವಾರಂಟಿ ಮುಗಿದ ಮೇಲೆ ವಾರ್ಷಿಕ ಒಪ್ಪಂದಕ್ಕೆ ದುಡ್ಡು ಕಟ್ಟಬೇಕೇ ಎಂಬುದೇ ಕಷ್ಟದ ಪ್ರಶ್ನೆ. ನೀರಿನ ಯಂತ್ರಕ್ಕೆ, ಅದರಲ್ಲೂ ಗಡಸು ನೀರಿನ ಕಡೆ, ಫಿಲ್ಟರುಗಳ ಬೆಲೆ ಕೂಡಿಸಿ ನೋಡಿದರೆ ಒಪ್ಪಂದ ಗಿಟ್ಟಬಹುದು. ಫ್ರಿಜ್‌ಗೆ ನನಗೆ ಹಾಗನ್ನಿಸುವುದಿಲ್ಲ, ಅದು ಕೆಡುವುದೇ ಅಪರೂಪ. ಬಿಡಿಭಾಗ ಕೊಡದೆ ಹೊಸದನ್ನೇ ಕೊಳ್ಳಿ ಎಂದು ಒತ್ತಾಯಿಸುವ ಪರಿಸ್ಥಿತಿ ಬಂದರೆ ಸುಮ್ಮನಿರಬೇಡಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮುಟ್ಟಬಾರದ ಕೆಲಸಗಳು

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದನ್ನು ಏಜೆನ್ಸಿಯ ಮೂಲಕವೇ ಮಾಡಿಸಿ.

ಗೀಸರ್, ಏಸಿಯ ಲೈನ್, ಎಂಸಿಬಿ ಬೋರ್ಡ್, ಅರ್ಥಿಂಗ್ ಇವು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ನೀವು ಮಾಡಬೇಕಾದದ್ದು ಒಂದಿದೆ: ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು) ಇದೆಯೇ ನೋಡಿ, ಆಗಾಗ ಅದರ ಟೆಸ್ಟ್ ಗುಂಡಿ ಒತ್ತಿ. ತಕ್ಷಣ ಬೀಳದಿದ್ದರೆ ಅಂದೇ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೀಟರಿನಾಚೆಯ ತೊಂದರೆ ವಿದ್ಯುತ್ ಕಂಪನಿಯದು, 1912ಕ್ಕೆ ಹೇಳಿ.

ಶೌಚದ ಗುಂಡಿಗೆ ನೀವೂ ಇಳಿಯಬಾರದು, ಇನ್ನೊಬ್ಬರನ್ನೂ ಇಳಿಸಬಾರದು. ಅಲ್ಲಿನ ವಿಷಾನಿಲ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ದುಡ್ಡು ಕೊಟ್ಟು ಯಾರನ್ನಾದರೂ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಹೀರುವ ಯಂತ್ರದ ಗಾಡಿಯನ್ನೇ ಕರೆಸಬೇಕು. ಬೆಂಗಳೂರಿನಲ್ಲಿ ರಸ್ತೆಯ ಒಳಚರಂಡಿ ಕಟ್ಟಿಕೊಂಡರೆ ಜಲಮಂಡಳಿಯ 1916 ಇದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸುವುದು ಸುಲಭದ ಕೆಲಸವೇ, ಆದರೆ ಅಪಾಯವಿರುವುದು ಎತ್ತರದಲ್ಲಿ. ಪಾಚಿ ಹಿಡಿದ ಮಾಡಿನ ಮೇಲೆ ಅಭ್ಯಾಸವಿಲ್ಲದವರು ಹತ್ತಬೇಡಿ. ಒಳಗಿನಿಂದ ಕೈಗೆ ಸಿಗುವ ಹೆಂಚಾದರೆ ಒಳಗಿಂದಲೇ ಸರಿಸಿ ಕೂರಿಸಿ.

ಯಾರಿಗೆ ಯಾವುದು?

ಬಾಡಿಗೆ ಮನೆಯವರು ಮೊದಲು ಕರಾರುಪತ್ರ ಓದಿ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ನಲ್ಲಿಯ ವಾಷರ್, ಸ್ವಿಚ್ಚು ಸಾಕೆಟ್, ಚಿಲಕ, ಕಿಟಕಿ ಗಾಜಿನಂಥವನ್ನು ಬಾಡಿಗೆದಾರರ ಪಾಲಿಗೂ, ಪೈಪ್ ಬದಲಾವಣೆ, ವೈರಿಂಗ್, ಸುಣ್ಣಬಣ್ಣ, ಕಟ್ಟಡದ ರಿಪೇರಿಯನ್ನು ಮಾಲೀಕರ ಪಾಲಿಗೂ ಹಂಚಿದೆ. ಅದು ಮಾದರಿ ಮಾತ್ರ, ನಿಮ್ಮನ್ನು ಕಟ್ಟುವುದು ನಿಮ್ಮ ಕರಾರು. ಆದರೂ ಮಾತುಕತೆಗೆ ಕೂರುವಾಗ ಒಳ್ಳೆಯ ಆಧಾರ. ಗೋಡೆಗೆ ಡ್ರಿಲ್ ಹಾಕುವ ಮುನ್ನ ಕೇಳಿ, ಮನೆಗೆ ಹೋದ ದಿನವೇ ಸೋರುವ ಜಾಗಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಭಾನುವಾರವೇ ಸಿಗುವ ಬಿಡುವು. ತುರ್ತಿನದಕ್ಕೆ ಆ್ಯಪ್, ಕಾಯಬಹುದಾದದ್ದಕ್ಕೆ ಸ್ವಂತ ಕೈ ಎಂದು ಹಂಚಿಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಪರಿಚಯದ ಕೆಲಸದವರೇ ಸರಿ, ಎಷ್ಟು ತಡವಾದರೂ ಸರಿ. ಗೊತ್ತಿರುವ ಮುಖ ಬಾಗಿಲಿಗೆ ಬರುವುದಕ್ಕೆ ಅಲ್ಲಿ ಬೇರೆಯೇ ಬೆಲೆ. ಆ ಮನೆಯ ವಾಲ್ವ್‌ಗಳಿಗೆ, ಎಂಸಿಬಿಗಳಿಗೆ ದೊಡ್ಡ ಅಕ್ಷರದಲ್ಲಿ ಕನ್ನಡದ ಚೀಟಿ ಅಂಟಿಸಿ ಬನ್ನಿ.

ಹತ್ಯಾರಿಗೆ ಹೆಚ್ಚು ಸುರಿಯಬೇಡಿ. ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್ ಸೆಟ್, ಕಟಿಂಗ್ ಪ್ಲೇಯರ್, ಟೆಸ್ಟರ್, ಸುತ್ತಿಗೆ, ಅಳತೆ ಟೇಪ್, ಟಾರ್ಚ್, ಟೆಫ್ಲಾನ್ ಮತ್ತು ಇನ್ಸುಲೇಷನ್ ಟೇಪ್ ಸೇರಿ ಎರಡು ಸಾವಿರದ ಆಸುಪಾಸಿನಲ್ಲಿ ಬರುತ್ತವೆ. ಟೆಸ್ಟರ್ ಮತ್ತು ಪ್ಲೇಯರ್‌ನಲ್ಲಿ ಅಗ್ಗದ್ದು ಬೇಡ, ಜೀವ ನಿಂತಿರುವುದು ಅವುಗಳ ಹಿಡಿಯ ಮೇಲೆ. ಡ್ರಿಲ್ಲಿಂಗ್ ಮಷೀನನ್ನು ಬೇಕಾದಾಗ ನೆಂಟರಿಷ್ಟರಿಂದ ತನ್ನಿ, ವರ್ಷದಲ್ಲಿ ನಾಲ್ಕಾರು ಸಲ ಬೇಕಾಯಿತೆಂದರೆ ಆಮೇಲೆ ಕೊಳ್ಳಿ.

ಇನ್ನೂ ಅನುಮಾನವಿದ್ದರೆ ನಲ್ಲಿಯ ತುದಿಯ ಏರೇಟರಿನಿಂದ, ಅಂದರೆ ನೀರಿಗೆ ಗಾಳಿ ಬೆರೆಸಿ ಬಿಡುವ ಸಣ್ಣ ಜಾಲರಿಯಿಂದ, ಶುರು ಮಾಡಿ. 2024ರ ಬೇಸಿಗೆಯ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ. ಬಟ್ಟೆ ಸುತ್ತಿ ಕೈಯಿಂದಲೇ ತಿರುಗಿಸಿ ಬಿಚ್ಚಿ, ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಪ್ಪು ತಿಕ್ಕಿ ತೆಗೆದು ಮತ್ತೆ ಕೂರಿಸಿ. ತಪ್ಪಾಗಲು ಅಲ್ಲಿ ಏನೂ ಇಲ್ಲ. ಅದಾದ ಮೇಲೆ ಫ್ಲಶ್ ಟ್ಯಾಂಕಿನ ಬಣ್ಣದ ಪರೀಕ್ಷೆ, ಆಮೇಲೆ ಸೋರುವ ನಲ್ಲಿಯ ಸ್ಪಿಂಡಲ್. ಫ್ಯಾನಿನ ಕೆಪಾಸಿಟರನ್ನು ಮಾತ್ರ ಮೊದಲ ಸಲ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಬದಲಿಸಿ.